ಹಗುರವಾದ ಕಾರು

ನಮ್ಮ ಮನೆಯ ಬಿಳಿ ಮಾರುತಿ 800, 1999ರದು. ಚಳಿಗಾಲದ ಬೆಳಗ್ಗೆಯೂ ಚೋಕ್ ಎಳೆದರೆ ಎರಡನೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಅಪ್ಪ ಅದನ್ನು ಮಾರಲು ಒಪ್ಪುವುದಿಲ್ಲ, ಅಮ್ಮ ಅದರಲ್ಲಿ ಹೆದ್ದಾರಿಗೆ ಬರಲು ಒಪ್ಪುವುದಿಲ್ಲ. ಇತಿಹಾಸ ಓದುವ ನನಗೆ ಇಬ್ಬರ ಮಾತಿಗೂ ಆಧಾರ ಸಿಗುತ್ತದೆ.

1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರು ಮೊದಲ ಮಾರುತಿಯ ಕೀಲಿಕೈಯನ್ನು ಹರ್ಪಾಲ್ ಸಿಂಗ್ ಅವರ ಕೈಗಿಟ್ಟರು. ಅಲ್ಲಿಯವರೆಗೆ ನಮ್ಮ ಮಧ್ಯಮ ವರ್ಗಕ್ಕಿದ್ದ ಆಯ್ಕೆ ಎಂದರೆ ಅಂಬಾಸಿಡರ್ ಇಲ್ಲವೇ ಪದ್ಮಿನಿ. ಎರಡೂ ಯುರೋಪಿನ ಹಳೆಯ ವಿನ್ಯಾಸಗಳು. ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಮನೆಗೆ ಬಂದ ಮೇಲೆ ಮೆಕ್ಯಾನಿಕ್ಕನೂ ಸಂಸಾರದ ಸದಸ್ಯನಾಗುತ್ತಿದ್ದ. ಮಾರುತಿ ಬಂದು ಈ ಸಂಬಂಧವನ್ನು ಕಡಿದುಹಾಕಿತು. ಮೂರು ಸಿಲಿಂಡರಿನ 796 ಸಿಸಿ ಎಂಜಿನ್, ಸುಲಭದ ಕ್ಲಚ್, ಕಡಿಮೆ ಪೆಟ್ರೋಲು. ಡ್ರೈವರ್ ಇಟ್ಟುಕೊಳ್ಳಲಾಗದ ಗುಮಾಸ್ತರು, ಮೇಷ್ಟರು ತಾವೇ ಸ್ಟೀರಿಂಗ್ ಹಿಡಿದರು. ನನ್ನ ಅತ್ತೆ ಕಾರು ಕಲಿತದ್ದೂ ಇದರಲ್ಲೇ.

ಈ ಎಲ್ಲ ಸುಖಗಳ ಮೂಲ ಒಂದೇ: ತೂಕ. ಅಂಬಾಸಿಡರ್ ಒಂದು ಟನ್ನಿಗೂ ಹೆಚ್ಚು ಭಾರ. 800 ಸುಮಾರು 650 ಕಿಲೋ. ಇದರ ಪೂರ್ವಜರು ಜಪಾನಿನ 'ಕೇ' ಕಾರುಗಳು. ಅಲ್ಲಿನ ಕಾನೂನು ಅವುಗಳ ಉದ್ದ, ಅಗಲ, ಎಂಜಿನ್ ಗಾತ್ರಕ್ಕೆ ಮಿತಿ ಹಾಕಿತ್ತು. ಇಕ್ಕಟ್ಟಾದ ಊರುಗಳ ಗಲ್ಲಿಗಳಿಗೆಂದು ಹುಟ್ಟಿದ ವಂಶ ಅದು. ನಾವೋ ಅದರಲ್ಲಿ ಆರೇಳು ಜನ ತುಂಬಿಕೊಂಡು ಧರ್ಮಸ್ಥಳ, ತಿರುಪತಿಗೆ ಹೊರಟೆವು. ಘಟ್ಟ ಹತ್ತುವಾಗ ಏಸಿ ಆರಿಸಬೇಕು. ಲಾರಿಯೊಂದು ರಭಸದಿಂದ ಪಕ್ಕದಲ್ಲಿ ಹಾದುಹೋದರೆ ವಾಯುಪುತ್ರನೇ ಗಾಳಿಗೆ ಓಲಾಡುತ್ತಾನೆ.

ಬಾಗಿಲಿನ ತಗಡನ್ನು ಹೆಬ್ಬೆರಳಿನಿಂದ ಒತ್ತಿದರೆ ಒಳಗೆ ಹೋಗುತ್ತದೆ. ನಮ್ಮ ಕಾರಿನಲ್ಲಿ ಏರ್‌ಬ್ಯಾಗ್ ಇಲ್ಲ, ಹಿಂದಿನ ಸೀಟಿಗೆ ಬೆಲ್ಟೂ ಇಲ್ಲ. ಇದನ್ನು ತಯಾರಕರ ತಪ್ಪೆಂದಷ್ಟೇ ಬರೆದು ಮುಗಿಸಲು ನನಗೆ ಮನಸ್ಸಿಲ್ಲ. ಕೊಳ್ಳುವವರು ಬೆಲೆ, ಮೈಲೇಜು ಕೇಳಿದರು, ಡಿಕ್ಕಿಯ ಮಾತೆತ್ತಿದವರು ಕಡಿಮೆ. ಸರ್ಕಾರವೂ ಬಹುಕಾಲ ಕೇಳಲಿಲ್ಲ. ಹೊಸ ಮಾದರಿಗಳಿಗೆ ಮುಂಭಾಗದ ಡಿಕ್ಕಿ ಪರೀಕ್ಷೆ ಕಡ್ಡಾಯವಾದದ್ದು 2017ರ ಅಕ್ಟೋಬರಿನಲ್ಲಿ. ಅಷ್ಟರಲ್ಲಿ 800ರ ಕಥೆಯೇ ಮುಗಿದಿತ್ತು: 2014ರ ಜನವರಿಯಲ್ಲಿ ಅದರ ತಯಾರಿಕೆ ನಿಂತಿತು. ಅದೇ ತಿಂಗಳ ಕೊನೆಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದ ಸಣ್ಣ ಕಾರುಗಳ ಡಿಕ್ಕಿ ಪರೀಕ್ಷೆಯ ಫಲಿತಾಂಶ ಪ್ರಕಟಿಸಿತು. 800ರ ಜಾಗಕ್ಕೆ ಬಂದ ಆಲ್ಟೋ 800ಕ್ಕೆ, ದೊಡ್ಡವರ ರಕ್ಷಣೆಯಲ್ಲಿ ಸೊನ್ನೆ ನಕ್ಷತ್ರ. ಪರೀಕ್ಷೆಗೊಳಗಾದ ಉಳಿದ ನಾಲ್ಕು ಕಂಪನಿಗಳ ಏರ್‌ಬ್ಯಾಗ್ ಇಲ್ಲದ ಕಾರುಗಳಿಗೂ ಅದೇ ಸೊನ್ನೆ.

ಅಪ್ಪನಿಗೆ ಇದನ್ನೆಲ್ಲ ಓದಿ ಹೇಳಿದೆ. "ಇಪ್ಪತ್ತೈದು ವರ್ಷದಲ್ಲಿ ಒಂದು ಸಲವೂ ದಾರಿಯಲ್ಲಿ ಕೈಕೊಟ್ಟಿಲ್ಲ" ಎಂದರು. ಅದೂ ನಿಜವೇ. ಕ್ಲಚ್ ವೈರು ತುಂಡಾದಾಗಲೂ ಅದು ನಮ್ಮ ಗೇಟಿನ ಮುಂದೆ ಬಂದೇ ತುಂಡಾಯಿತು. ಬಿಡಿಭಾಗ ಶಿವಮೊಗ್ಗದಲ್ಲಿ ಅರ್ಧ ಗಂಟೆಯಲ್ಲಿ ಸಿಕ್ಕಿತು.

ಕಳೆದ ತಿಂಗಳು ತೀರ್ಥಹಳ್ಳಿಯಲ್ಲಿ ಮದುವೆ. ಅಪ್ಪ ಕಾರಿನಲ್ಲೇ ಹೊರಟರು, ಆದರೆ ಮೊದಲು ಅಮ್ಮನನ್ನೂ ನನ್ನನ್ನೂ ಬಸ್‌ಸ್ಟ್ಯಾಂಡಿಗೆ ಬಿಟ್ಟು, ಬಸ್ಸಿನಲ್ಲಿ ಸೀಟು ಹಿಡಿದುಕೊಟ್ಟರು.