ಪಲ್ಲಕ್ಕಿಯಲ್ಲಿದ್ದ ಪಿಸ್ತೂಲು

ಹೂಲಿಗೆ ಹೋದವರು ಪಂಚಲಿಂಗೇಶ್ವರನ ಗುಡಿಯನ್ನು ನೋಡದೆ ಬರಬಾರದು. ನಾನಂತೂ ಹೋದಾಗಲೆಲ್ಲ ನೋಡುತ್ತೇನೆ. ನೋಡಿದ ಮೇಲೆ ಅಲ್ಲಿಯೇ ತುಸು ಹೊತ್ತು ಕುಳಿತುಕೊಳ್ಳುತ್ತೇನೆ. ಶಾಸನಗಳಲ್ಲಿ ಪೂಲಿ ಎನಿಸಿಕೊಂಡು, ಸಾವಿರ ಮಹಾಜನರ ಅಗ್ರಹಾರವೆಂದು ಹೆಸರಾಗಿದ್ದ ಊರು ಇದು. ಈಗ ಸವದತ್ತಿ ತಾಲೂಕಿನ ಒಂದು ಹಳ್ಳಿ. ಪಾಳುಬಿದ್ದ ಗುಡಿಗಳ ನಡುವೆ ಕುಳಿತವನಿಗೆ ಹಳೆಯ ಕಾಲದ ವಿಚಾರ ಬರುವುದು ಸಹಜ. ಆದರೆ ಹೋದ ಸಲ ನಾನು ಅಲ್ಲಿ ಕುಳಿತಾಗ ಎದುರಿಗೆ ಬಂದದ್ದು ತೀರ ಈ ಕಾಲದ ವಿಚಾರ.

ದೂರದ ಸಂಬಂಧದಲ್ಲಿ ನನಗೆ ಅಣ್ಣನಾಗಬೇಕಾದವನ ಮಗ ಅಲ್ಲಿಯೇ ಒಕ್ಕಲುತನ ಮಾಡಿಕೊಂಡಿದ್ದಾನೆ. ಅವನು ಕೈಯಲ್ಲೊಂದು ಅರ್ಜಿಯ ಹಾಳೆ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕುಳಿತ. “ಕಾಕಾ, ನೀವು ಇತಿಹಾಸ ಓದಿದವ್ರು. ಲೈಸನ್ಸಿಗೆ ಅರ್ಜಿ ಹಾಕಬೇಕಂತ ಮಾಡೀನಿ. ರಿವಾಲ್ವರ್ ಛಲೋನೋ, ಪಿಸ್ತೂಲ್ ಛಲೋನೋ? ಅಂಗಿ ಒಳಗ ಇಟ್ರ ಯಾರಿಗೂ ಕಾಣಬಾರ್ದು ನೋಡ್ರಿ” ಎಂದ.

ಇತಿಹಾಸ ಓದಿದವನಿಗೂ ಪಿಸ್ತೂಲಿನ ವ್ಯಾಪಾರಕ್ಕೂ ಏನು ಸಂಬಂಧವೋ ನನಗೆ ತಿಳಿಯಲಿಲ್ಲ. ಆದರೂ ಕೇಳಿದ ಹುಡುಗನನ್ನು ಬರಿಗೈಯಲ್ಲಿ ಕಳಿಸಬಾರದೆಂದು ಬಲ್ಲಷ್ಟು ಹೇಳಿದೆ. ಸೈನ್ಯದವರ 9 ಮಿಲಿಮೀಟರ್ ಪಿಸ್ತೂಲಿನಂಥವು ನಮ್ಮ ಕಾನೂನಿನಲ್ಲಿ ನಿಷೇಧದ ಪಟ್ಟಿಗೆ ಸೇರಿದವು. ಸಾಮಾನ್ಯ ನಾಗರಿಕನಿಗೆ ಸಿಗುವುದು ಹೆಚ್ಚಾಗಿ.32 ಅಳತೆಯದು. ಕಾನಪುರದ ಸರಕಾರಿ ಕಾರಖಾನೆಯ ರಿವಾಲ್ವರ್ ಒಂದು, ‘ಅಶನಿ’ ಎಂಬ ಪಿಸ್ತೂಲು ಇನ್ನೊಂದು. ರಿವಾಲ್ವರಿನಲ್ಲಿ ಆರು ಗುಂಡುಗಳು ತಿರುಗುವ ಉರುಳೆಯೊಳಗೆ ಕೂತಿರುತ್ತವೆ. ಒಂದು ಹಾರದಿದ್ದರೆ ಮತ್ತೆ ಕುದುರೆ ಎಳೆದರಾಯಿತು, ಮುಂದಿನದು ಎದುರಿಗೆ ಬರುತ್ತದೆ. ಆದರೆ ಆ ಉರುಳೆಯೇ ಅಂಗಿಯೊಳಗೆ ಗಂಟಿನಂತೆ ಉಬ್ಬಿ ಕಾಣುತ್ತದೆ. ಪಿಸ್ತೂಲು ಚಪ್ಪಟೆ, ಗುಂಡುಗಳು ಹಿಡಿಕೆಯೊಳಗಿರುತ್ತವೆ, ಸೊಂಟಕ್ಕೆ ಅಂಟಿಕೊಂಡು ಕೂಡುತ್ತದೆ. ಆದರೆ ಒಂದು ಗುಂಡು ಸಿಕ್ಕಿಕೊಂಡರೆ ಎರಡು ಕೈ ಹಚ್ಚಿ ಬಿಡಿಸಬೇಕು, ಅದಕ್ಕೆ ಅಭ್ಯಾಸವೂ ಸಮಾಧಾನವೂ ಬೇಕು. 2014ರಲ್ಲಿ ಹೆಂಗಸರ ಕೈಚೀಲಕ್ಕೆ ಹೊಂದಲೆಂದು ಅರ್ಧ ಕಿಲೋ ತೂಕದ ‘ನಿರ್ಭೀಕ್’ ಎಂಬ ರಿವಾಲ್ವರು ಬಂದಿತು. ಅದರ ಬೆಲೆ ಆಗಲೇ ಲಕ್ಷ ರೂಪಾಯಿ ದಾಟಿತ್ತು.

“ಹಂಗಾರ ಯಾವುದು ತಗೊಳ್ಳಿ?” ಎಂದು ಅವನು ಮತ್ತೆ ಕೇಳಿದ. “ತಡಿ, ಈ ಪ್ರಶ್ನೆ ನಿನ್ನದಷ್ಟೇ ಅಲ್ಲ, ಬಾಳ ಹಳೇದು” ಎಂದು ನಾನು ಕಥೆಗೆ ಕೈ ಹಚ್ಚಿದೆ. ಓದುಗರೂ ಅದನ್ನು ಕೇಳಬಹುದು.

1824ರ ಅಕ್ಟೋಬರ್ 23ರಂದು ಕಿತ್ತೂರ ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಗುಂಡಿಗೆ ಬಲಿಯಾದನು. ಆ ಗುಂಡು ಅಮಟೂರ ಬಾಳಪ್ಪನದೆಂದು ನಮ್ಮ ಸೀಮೆಯ ಜನ ಇಂದಿಗೂ ಹೇಳುತ್ತಾರೆ. ಆ ಕಾಲದ ಬಂದೂಕಾಗಲಿ ಪಿಸ್ತೂಲಾಗಲಿ ಒಂದು ನಳಿಕೆಗೆ ಒಂದೇ ಗುಂಡು. ಮದ್ದು ಸುರಿದು, ಗುಂಡು ಜಡಿದು, ಬತ್ತಿಯಿಂದಲೋ ಚಕಮಕಿಯಿಂದಲೋ ಕಿಡಿ ಹೊತ್ತಿಸಬೇಕು. ಮಳೆ ಬಂದರೆ ಮದ್ದು ತೋಯ್ದು ಬೂದಿಯಷ್ಟೇ ಪ್ರಯೋಜನ. ಗುರಿ ತಪ್ಪಿದವನಿಗೆ ಎರಡನೆಯ ಅವಕಾಶವಿಲ್ಲ. ಆಮೇಲೆ ಕತ್ತಿಯೇ ಗತಿ. ಸಾಹೇಬರು ಪಿಸ್ತೂಲುಗಳನ್ನು ಜೋಡಿಯಾಗಿ ಇಟ್ಟುಕೊಳ್ಳುತ್ತಿದ್ದುದು ಬರಿಯ ಶೋಕಿಗಲ್ಲ.

ಆ ಕೊರತೆಯನ್ನು ನೀಗಿದವನು ಅಮೆರಿಕೆಯ ಸ್ಯಾಮ್ಯುಯೆಲ್ ಕೋಲ್ಟ್. ತಿರುಗುವ ಉರುಳೆಯ ಪಿಸ್ತೂಲಿಗೆ ಅವನು 1836ರಲ್ಲಿ ತನ್ನ ದೇಶದ ಪೇಟೆಂಟ್ ಪಡೆದನು. 1851ರ ಲಂಡನ್ನಿನ ಮಹಾಪ್ರದರ್ಶನದಲ್ಲಿ ಅವನ ಸರಕಿಗೆ ಎದುರಾಗಿ ರಾಬರ್ಟ್ ಆಡಮ್ಸ್ ಎಂಬ ಇಂಗ್ಲಿಷಿನವನೂ ತನ್ನ ರಿವಾಲ್ವರನ್ನು ಇಟ್ಟನು. ಅಂದಿನಿಂದ ಸಾಹೇಬರ ನಡುವೆ ಒಂದೇ ಚರ್ಚೆ: ಕೋಲ್ಟೋ, ಆಡಮ್ಸೋ? ಕೋಲ್ಟಿನಲ್ಲಿ ಆರು ಗುಂಡು, ದೂರಕ್ಕೆ ಒಳ್ಳೆಯ ಗುರಿ. ಆದರೆ ಪ್ರತಿ ಗುಂಡಿಗೂ ಹೆಬ್ಬೆರಳಿನಿಂದ ಸುತ್ತಿಗೆಯನ್ನು ಹಿಂದೆಳೆಯಬೇಕು. ಆಡಮ್ಸಿನಲ್ಲಿ ಗುಂಡು ಐದೇ, ಆದರೆ ದಪ್ಪ. ಕುದುರೆ ಎಳೆದರೆ ಸಾಕು, ಸುತ್ತಿಗೆ ತಾನೇ ಎದ್ದು ಬೀಳುತ್ತದೆ. ಮೈಮೇಲೆ ಬರುವವನನ್ನು ತಡೆಯಲು ಇದೇ ಮೇಲೆಂದು ಹಿಂದುಸ್ತಾನಕ್ಕೆ ಬಂದ ಅನೇಕ ಅಧಿಕಾರಿಗಳ ಮತ. ಸಣ್ಣ ಗುಂಡು ತಗುಲಿದರೂ ಕತ್ತಿ ಹಿಡಿದವನು ನಿಲ್ಲುವುದಿಲ್ಲವೆಂಬುದು ಅವರ ದೂರು. ಎರಡರ ಗುಣವನ್ನೂ ಕೂಡಿಸಿದ ಬೋಮಾಂಟ್–ಆಡಮ್ಸ್ ಮಾದರಿ 1856ರ ಹೊತ್ತಿಗೆ ಬಂದಿತು. ಮರುವರ್ಷವೇ ದಂಗೆ.

ಸಾಹೇಬರು ಹೀಗೆ ತಮ್ಮ ಸೊಂಟಕ್ಕೆ ಯಾವುದು ಹೊಂದೀತೆಂದು ಯೋಚಿಸುತ್ತಿದ್ದಾಗ, ನಮ್ಮವರ ಸೊಂಟದಲ್ಲಿ ಇದ್ದುದನ್ನು ಕಸಿದುಕೊಳ್ಳುವ ಕಾಯಿದೆ ಬಂದಿತು. 1857ರ ನಿಶ್ಶಸ್ತ್ರೀಕರಣದ ಕಾಯಿದೆಯೆಂದರೆ ಇದೇ. ಇದ್ದ ಹತ್ಯಾರುಗಳನ್ನು ನೋಂದಿಸಿರಿ, ಅಪ್ಪಣೆಯಿಲ್ಲದೆ ಇಟ್ಟುಕೊಳ್ಳಬೇಡಿರಿ ಎಂದು ಡಂಗುರ. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ಬೇಟೆಯೇ ಕುಲಕಸುಬಾದವನಿಗೆ ಬಂದೂಕು ಕೊಡುವುದೆಂದರೆ ಕೈಯನ್ನೇ ಕೊಯ್ದು ಕೊಟ್ಟಂತೆ. ನವೆಂಬರ್ ಕೊನೆಯಲ್ಲಿ ಮಾಲ್ಕಮನ ದಂಡು ಹಲಗಲಿಯ ಮೇಲೆ ಬಿದ್ದಿತು, ಮನೆಗಳು ಉರಿದವು, ಡಿಸೆಂಬರಿನಲ್ಲಿ ಹತ್ತೊಂಬತ್ತು ಮಂದಿಯನ್ನು ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಗಲ್ಲಿಗೇರಿಸಿದರು. ಅವರ ಕಥೆ ಲಾವಣಿಯಾಗಿ ಉಳಿದುಕೊಂಡಿತು.

ಇನ್ನು ಹೂಲಿಯ ಪೂರ್ವಕ್ಕಿರುವ ಸೀಮೆಗೆ ಬರೋಣ. ನರಗುಂದದ ಬಾಬಾಸಾಹೇಬ, ಅಂದರೆ ಭಾಸ್ಕರರಾವ ಭಾವೆಗೆ ಮಕ್ಕಳಿರಲಿಲ್ಲ; ದತ್ತಕಕ್ಕೆ ಸರಕಾರ ಅನುಮತಿ ಕೊಡಲಿಲ್ಲ. ತಾನು ಕಣ್ಣು ಮುಚ್ಚಿದ ದಿನ ಸಂಸ್ಥಾನವೂ ಮುಚ್ಚುತ್ತದೆಂಬ ಸಂಕಟ ಅವನದು. ಅದರ ಮೇಲೆ ತೋಪುಗಳನ್ನು ಒಪ್ಪಿಸಬೇಕೆಂಬ ಒತ್ತಾಯ. ದಕ್ಷಿಣ ಮರಾಠಾ ಸೀಮೆಯ ಪೊಲಿಟಿಕಲ್ ಏಜೆಂಟನಾಗಿ ಬಂದ ಚಾರ್ಲ್ಸ್ ಮ್ಯಾನ್ಸನ್ ಹಿಂದೆ ಇನಾಮು ಕಮಿಷನ್ನಿನಲ್ಲಿ ಕೆಲಸ ಮಾಡಿದವನು. ಇನಾಮಿನ ಭೂಮಿಗೆ ದಾಖಲೆ ತೋರಿಸಿರೆಂದು ಮನೆಮನೆಯ ಪೆಟ್ಟಿಗೆ ತೆರೆಸಿದ ಕಮಿಷನ್ ಅದು. ಅದರ ಹೆಸರು ಕೇಳಿದರೆ ಇನಾಮದಾರರ ಹೊಟ್ಟೆ ಉರಿಯುತ್ತಿತ್ತು.

1858ರ ಮೇ ಕೊನೆಯಲ್ಲಿ ಮ್ಯಾನ್ಸನ್ ಕೆಲವೇ ಸವಾರರೊಂದಿಗೆ ರಾಮದುರ್ಗಕ್ಕೆ ಬಂದನು. ರಾಮದುರ್ಗದ ದೊರೆ ಬಾಬಾಸಾಹೇಬನ ಮಲತಮ್ಮ. ನರಗುಂದದ ದಾರಿ ಹಿಡಿಯಬೇಡಿರೆಂದು ಅವನೇ ಎಚ್ಚರಿಸಿದನೆಂದು ಬ್ರಿಟಿಷ್ ಬರಹಗಾರರು ಹೇಳುತ್ತಾರೆ. ಮ್ಯಾನ್ಸನ್ ಕೇಳಲಿಲ್ಲ. ಮೇ 29ರ ರಾತ್ರಿ ಸುರೇಬಾನದಲ್ಲಿ ತಂಗಿ, ಪಲ್ಲಕ್ಕಿಯೊಳಗೇ ಮಲಗಿದನು. ನಡುರಾತ್ರಿಗೆ ಬಾಬಾಸಾಹೇಬನ ಜನ ನೂರಾರು ಸಂಖ್ಯೆಯಲ್ಲಿ ಸುತ್ತುಗಟ್ಟಿದರು. ನಿದ್ದೆಯಿಂದೆದ್ದ ಮ್ಯಾನ್ಸನ್ ರಿವಾಲ್ವರ್ ಹಾರಿಸಿದನು, ಒಬ್ಬನಿಗೆ ಗಾಯವಾಯಿತು, ಅಷ್ಟರಲ್ಲಿ ಎಲ್ಲ ಮುಗಿದುಹೋಯಿತು. ಅವನ ತಲೆಯನ್ನು ಕತ್ತರಿಸಿ ಒಯ್ದು ನರಗುಂದದ ಅಗಸೆಬಾಗಿಲಿಗೆ ತೂಗಹಾಕಿದರು.

ಇಲ್ಲಿ ನಾನು ಕಥೆ ನಿಲ್ಲಿಸಿ ಹುಡುಗನನ್ನು ಕೇಳಿದೆ: “ಆ ಸಾಹೇಬನ ಕೈಯಾಗ ಕೋಲ್ಟ್ ಇದ್ರ ಉಳೀತಿದ್ನೇನು, ಆಡಮ್ಸ್ ಇದ್ರ ಉಳೀತಿದ್ನೇನು?” ಅವನು ನಕ್ಕ, ಉತ್ತರ ಕೊಡಲಿಲ್ಲ. ಐದೋ ಆರೋ ಎಂಬ ಲೆಕ್ಕಕ್ಕೆ ಬೆಲೆ ಬರುವುದು ಕಟ್ಟಕಡೆಯ ಕ್ಷಣದಲ್ಲಿ. ಆ ಕ್ಷಣಕ್ಕೆ ಮುಂಚಿನ ವರ್ಷಗಳಲ್ಲಿ ದತ್ತಕದ ಅರ್ಜಿ, ಇನಾಮಿನ ಕಾಗದ, ತೋಪಿನ ಹುಕುಮು, ಕೇಳದೆ ಬಿಟ್ಟ ಎಚ್ಚರಿಕೆ ಎಲ್ಲ ಆಗಿಹೋಗಿದ್ದವು. ಸುರೇಬಾನದ ರಾತ್ರಿಯನ್ನು ನಿರ್ಧರಿಸಿದ್ದು ಅವು.

ಬಾಬಾಸಾಹೇಬನಿಗಾದರೂ ಹತ್ಯಾರಿನಿಂದ ಏನು ದಕ್ಕಿತು? ಜೂನ್ ಆರಂಭದಲ್ಲಿಯೇ ಮಾಲ್ಕಮನ ದಂಡು ನರಗುಂದದ ಕೋಟೆಯನ್ನು ಹಿಡಿಯಿತು. ತಾಯಿಯೂ ಹೆಂಡತಿಯೂ ಮಲಪ್ರಭೆಯ ಪಾಲಾದರು. ತಪ್ಪಿಸಿಕೊಂಡು ಹೋದ ಅವನನ್ನು ಹಿಡಿದು ತಂದು ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಸುರೇಬಾನದಿಂದ ಬೆಳಗಾವಿಯ ಗಲ್ಲಿಗೆ ಎರಡು ವಾರ. ಅವನ ಸಿಟ್ಟು ನ್ಯಾಯವಾದದ್ದೆಂದೇ ನಾನು ತಿಳಿದಿದ್ದೇನೆ. ನರಗುಂದದವರು ಅವನನ್ನು ವೀರನೆಂದು ನೆನೆಯುವುದೂ ಸರಿಯೇ. ಆದರೂ ಮಲಗಿದ್ದವನ ಮೇಲೆ ಬಿದ್ದ ಆ ರಾತ್ರಿಯನ್ನು ನೆನೆದಾಗ ಮನಸ್ಸು ಪೂರ್ತಿ ಹಗುರಾಗುವುದಿಲ್ಲ. ಎರಡನ್ನೂ ಹೇಳದಿದ್ದರೆ ಇತಿಹಾಸ ಹೇಳಿದಂತಾಗುವುದಿಲ್ಲ.

ದಂಗೆ ಅಡಗಿದ ಮೇಲೂ ಸರಕಾರದ ಅಂಜಿಕೆ ಹೋಗಲಿಲ್ಲ. 1878ರ ಶಸ್ತ್ರ ಕಾಯಿದೆ ಬಂದು, ಲೈಸನ್ಸಿಲ್ಲದ ಹಿಂದುಸ್ತಾನದವನ ಕೈಯಲ್ಲಿ ಬಂದೂಕು ಅಪರಾಧವಾಯಿತು, ಬಿಳಿಯರಿಗೆ ವಿನಾಯಿತಿ. ಸ್ವತಂತ್ರ ಭಾರತ 1959ರಲ್ಲಿ ತನ್ನದೇ ಕಾಯಿದೆ ಮಾಡಿತು. 1962ರ ಅಕ್ಟೋಬರಿನಿಂದ ಅದು ಜಾರಿಗೆ ಬಂದಿತು. ಬಣ್ಣದ ಭೇದ ಹೋಯಿತು, ಲೈಸನ್ಸು ಉಳಿಯಿತು. ಒಬ್ಬನಿಗೆ ಮೂರು ಹತ್ಯಾರುಗಳಿದ್ದ ಮಿತಿಯನ್ನು 2019ರ ತಿದ್ದುಪಡಿ ಎರಡಕ್ಕೆ ಇಳಿಸಿತು. ಚುನಾವಣೆ ಬಂದಾಗ ಲೈಸನ್ಸುದಾರರು ಬಂದೂಕನ್ನು ಠಾಣೆಗೆ ಒಪ್ಪಿಸಿ ಬರುವ ರೂಢಿಯಿದೆ. ಹಲಗಲಿಯ ನೆನಪಿದ್ದವನಿಗೆ ಆ ಸಾಲು ನೋಡಿ ಏನೋ ಅನಿಸುತ್ತದೆ. ಆದರೆ ಇಂದು ಕೇಳುವ ಸರಕಾರ ನಾವೇ ಆರಿಸಿದ್ದು, ತಿರುಗಿ ಕೊಡುತ್ತದೆ.

ಹೊತ್ತು ಇಳಿದಿತ್ತು. ನಾನು ಅವನ ಅರ್ಜಿಯನ್ನು ಇಸಿದುಕೊಂಡು ನೋಡಿದೆ. ಹೆಸರು, ತಂದೆಯ ಹೆಸರು, ಊರು ಎಲ್ಲ ದುಂಡಗೆ ಬರೆದಿದ್ದ. ಹತ್ಯಾರು ಯಾತಕ್ಕೆ ಬೇಕೆಂದು ಕೇಳುವಲ್ಲಿ ಮಾತ್ರ ಖಾಲಿ ಬಿಟ್ಟಿದ್ದ.

“ಇಲ್ಲಿ ಏನ್ ಬರೀತಿ?” ಎಂದೆ.

ಅವನು ತುಸು ಹೊತ್ತು ಸುಮ್ಮನಿದ್ದು, “ದೊಡ್ಡಪ್ಪನ ಮಗ ಈ ಸಲ ಬದು ಒತ್ತಿ ಗಳೆ ಹೊಡದಾನ್ರೀ. ಕೇಳಾಕ ಹೋದ್ರ ಕುಡಗೋಲು ತೋರಿಸ್ತಾನ” ಎಂದ. ಎರಡು ಮನೆಯವರೂ ಮಾತು ಬಿಟ್ಟು ವರ್ಷವಾಯಿತಂತೆ. ಆ ದೊಡ್ಡಪ್ಪನ ಮಗನನ್ನು ನಾನು ಬಲ್ಲೆ. ಸಣ್ಣವರಿದ್ದಾಗ ಇಬ್ಬರೂ ಇದೇ ಗುಡಿಯ ಕಂಬಗಳ ನಡುವೆ ಕಣ್ಣುಮುಚ್ಚಾಲೆ ಆಡುತ್ತಿದ್ದರು.

“ರಿವಾಲ್ವರ್ ಛಲೋನೋ ಪಿಸ್ತೂಲ್ ಛಲೋನೋ ಅಂತ ಆಮ್ಯಾಲೆ ನೋಡೂಣು. ಸೋಮವಾರ ಸವದತ್ತಿಗೆ ಬಾ. ಮೊದಲ ಹದ್ದುಬಸ್ತಿಗೆ ಅರ್ಜಿ ಹಾಕೂಣು. ಮೋಜಣಿದವ್ರು ಬಂದು ಕಲ್ಲು ನೆಡ್ಲಿ. ಅವತ್ತ ನಿಮ್ಮಿಬ್ಬರ ನಡುವ ನಾನೂ ಬಂದು ನಿಲ್ತೀನಿ” ಎಂದೆ.

ಅವನು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಒಳಕಿಸೆಯಲ್ಲಿಟ್ಟುಕೊಂಡ. ಹರಿದು ಒಗೆಯಲಿಲ್ಲ. ಆದರೆ ಸೋಮವಾರ ಬೆಳಿಗ್ಗೆ ನಾನು ಸವದತ್ತಿಗೆ ಹೋದಾಗ ಅವನು ನನಗಿಂತ ಮೊದಲೇ ಬಂದು ಕಚೇರಿಯ ಮೆಟ್ಟಿಲ ಮೇಲೆ ಕುಳಿತಿದ್ದ.