ಜೆಕ್ವೆರಿಯಲ್ಲಿ ಹುಡುಕಿದರೆ ಸಿಗುವುದು ಪುಟದ ಎಲಿಮೆಂಟೇ? ಸತ್ಯ ಏನು?

ವೆಬ್ ಪುಟ ಮಾಡುವುದನ್ನು ಮೊಬೈಲ್‌ನಲ್ಲೇ ಕಲಿಯುತ್ತಿರುವ ಹಲವರ ನಂಬಿಕೆ ಇದು: “ಜೆಕ್ವೆರಿಯಲ್ಲಿ ಹುಡುಕಿದರೂ, ನೇರ ಜಾವಾಸ್ಕ್ರಿಪ್ಟ್‌ನಲ್ಲಿ ಹುಡುಕಿದರೂ ಸಿಗುವುದು ಒಂದೇ.”

ಇದು ನಿಜವೇ? ಅಲ್ಲ.

ಸತ್ಯಾಂಶ ಏನು?

ಪುಟದಲ್ಲಿರುವ ಬಟನ್, ಚಿತ್ರ, ವಿಡಿಯೋ ಎಲ್ಲವೂ ಬ್ರೌಸರ್ ಲೆಕ್ಕದಲ್ಲಿ ಎಲಿಮೆಂಟ್‌ಗಳು. ಜೆಕ್ವೆರಿ ಎಂಬುದು ಜಾನ್ ರೆಸಿಗ್ 2006ರಲ್ಲಿ ಬಿಡುಗಡೆ ಮಾಡಿದ ಜಾವಾಸ್ಕ್ರಿಪ್ಟ್ ಲೈಬ್ರರಿ. ಡಾಲರ್ ಚಿಹ್ನೆ ಬಳಸಿ ಹುಡುಕಿದಾಗ ಅದು ಎಲಿಮೆಂಟನ್ನು ನೇರವಾಗಿ ಕೊಡುವುದಿಲ್ಲ. ಸಿಕ್ಕಿದ್ದನ್ನೆಲ್ಲ ತನ್ನದೊಂದು ಆಬ್ಜೆಕ್ಟ್‌ನಲ್ಲಿಟ್ಟು ಕೊಡುತ್ತದೆ. ಟಿಫಿನ್ ಕ್ಯಾರಿಯರ್ ಇದ್ದಂತೆ: ಊಟ ಒಳಗಿದೆ, ಆದರೆ ಕ್ಯಾರಿಯರೇ ಊಟವಲ್ಲ.

ವಿಡಿಯೋ ಓಡಿಸುವ ‘ಪ್ಲೇ’ ಆಜ್ಞೆ ಎಲಿಮೆಂಟ್‌ಗೆ ಗೊತ್ತು, ಕ್ಯಾರಿಯರ್‌ಗೆ ಗೊತ್ತಿಲ್ಲ. ‘ಪ್ಲೇ ಒಂದು ಫಂಕ್ಷನ್ ಅಲ್ಲ’ ಎಂಬ ಎರರ್ ಬರುವುದು ಇದಕ್ಕೇ. ಲೈಬ್ರರಿಯೂ ಕೆಟ್ಟಿಲ್ಲ, ನಿಮ್ಮ ಫೋನೂ ಕೆಟ್ಟಿಲ್ಲ.

ಎಲಿಮೆಂಟ್ ಹೊರತೆಗೆಯುವುದು ಹೇಗೆ?

(ಕೋಡ್‌ನಲ್ಲಿ ಇವನ್ನು ಇಂಗ್ಲಿಷ್ ಸಣ್ಣಕ್ಷರಗಳಲ್ಲೇ ಬರೆಯಬೇಕು.)

• ಕೊನೆಯಲ್ಲಿ [0] ಸೇರಿಸಿದರೆ ಮೊದಲ ಎಲಿಮೆಂಟ್ ಸಿಗುತ್ತದೆ. ಎಣಿಕೆ ಶುರುವಾಗುವುದು ಸೊನ್ನೆಯಿಂದ.
• ‘ಗೆಟ್(0)’ ಬರೆದರೂ ಅದೇ ಸಿಗುತ್ತದೆ.
• ‘ಗೆಟ್(-1)’ ಕೊನೆಯ ಎಲಿಮೆಂಟ್ ಕೊಡುತ್ತದೆ. [-1] ಎಂದು ಬರೆದರೆ ಏನೂ ಸಿಗದು.
• ಬ್ರಾಕೆಟ್ ಖಾಲಿ ಬಿಟ್ಟು ‘ಗೆಟ್()’ ಎಂದರೆ ಎಲ್ಲ ಎಲಿಮೆಂಟ್‌ಗಳೂ ಸಾಮಾನ್ಯ ಅರೇ ರೂಪದಲ್ಲಿ ಬರುತ್ತವೆ.
• ‘ಇಕ್ಯೂ(0)’ ಬಳಸಿ ಮೋಸಹೋಗಬೇಡಿ. ಅದು ಮೊದಲನೆಯದನ್ನು ಆರಿಸಿ ಮತ್ತೊಂದು ಕ್ಯಾರಿಯರ್‌ನಲ್ಲೇ ಇಟ್ಟುಕೊಡುತ್ತದೆ.

ಎಲ್ಲಿ ಎಚ್ಚರ ಬೇಕು?

ಹುಡುಕಿದ್ದು ಪುಟದಲ್ಲಿ ಇಲ್ಲದಿದ್ದರೂ ಜೆಕ್ವೆರಿ ಖಾಲಿ ಕ್ಯಾರಿಯರ್ ಕೊಟ್ಟೇ ಕೊಡುತ್ತದೆ. ‘ಇಫ್’ ಷರತ್ತಿನಲ್ಲಿ ಖಾಲಿ ಕ್ಯಾರಿಯರ್ ಕೂಡ ‘ಇದೆ’ ಎಂದೇ ಲೆಕ್ಕ. ಅರ್ಜಿ ಫಾರಂ ಒಂದರಲ್ಲಿ ‘ತಪ್ಪಿನ ಸಂದೇಶ ಇದ್ದರೆ ಕಳುಹಿಸಬೇಡ’ ಎಂದು ಹೀಗೆ ಬರೆದಿದ್ದಾರೆ ಎಂದುಕೊಳ್ಳಿ. ತುಂಬಿದವರು ಒಂದೂ ತಪ್ಪು ಮಾಡದಿದ್ದರೂ ಅರ್ಜಿ ಹೋಗುವುದೇ ಇಲ್ಲ! ಆದ್ದರಿಂದ ‘ಲೆಂತ್’ ಸೊನ್ನೆಗಿಂತ ಹೆಚ್ಚಿದೆಯೇ ಎಂದು ನೋಡಬೇಕು. ಖಾಲಿ ಇದ್ದಾಗ [0] ಕೊಡುವುದು ‘ಅನ್‌ಡಿಫೈನ್ಡ್’. ಅದಕ್ಕೆ ಆಜ್ಞೆ ಕೊಟ್ಟರೆ ಎರರ್ ಖಚಿತ.

ತಿರುಗಿ ಜೆಕ್ವೆರಿ ಸೌಲಭ್ಯ ಬೇಕಾದರೆ? ಎಲಿಮೆಂಟನ್ನು ಡಾಲರ್ ಚಿಹ್ನೆಯ ಬ್ರಾಕೆಟ್‌ನೊಳಗೆ ಹಾಕಿದರೆ ಸಾಕು.

ಕೊನೆಯ ಮಾತು: ಗುಂಪಿನಲ್ಲಿ ಬಂದ ಕೋಡನ್ನು ಹಾಗೇ ಅಂಟಿಸುವ ಅಥವಾ ಫಾರ್ವರ್ಡ್ ಮಾಡುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಿ: ಕೈಯಲ್ಲಿರುವುದು ಕ್ಯಾರಿಯರೋ, ಊಟವೋ?