ತಾರಸಿ ಮೇಲಿನ ಹಸಿರುಮನೆ: ಮೋಲ್ಡ್ ಹಾಕುವ ಮೊದಲೇ ಯೋಚಿಸಬೇಕಾದ ಲೆಕ್ಕ

ಸಾಲಿಗ್ರಾಮಕ್ಕೆ ಹೋಗಿದ್ದಾಗ ಚಿಕ್ಕಪ್ಪ ಕೇಳಿದ್ರು: ‘ಸಿಟೀಲಿ ಬಿಲ್ಡಿಂಗ್ ಮೇಲೆ ಗಾಜಿನ ಮನೆ ಕಟ್ಟಿ ಸೊಪ್ಪು ಬೆಳೀತಾರಂತಲ್ಲೋ, ನಮ್ಮ ಹೊಸ ಮನೆಗೂ ಆಗುತ್ತಾ?’ ಸಿವಿಲ್ ಇಂಜಿನಿಯರಿಂಗ್ ಓದಿ ಪತ್ರಕರ್ತನಾದವನಿಗೆ ಊರಲ್ಲಿ ಇಂಥ ಪ್ರಶ್ನೆಗಳಿಂದ ಬಿಡುಗಡೆಯಿಲ್ಲ.

ಆಗುತ್ತೆ. ಆದರೆ ತಾರಸಿ ಮೇಲೆ ಪಾಲಿಹೌಸ್ ತಂದು ಕೂರಿಸಿದರೆ ಸಾಲದು. ಕಟ್ಟಡ ಮತ್ತು ಹಸಿರುಮನೆ ನೀರು, ಗಾಳಿ, ಶಾಖವನ್ನು ಹಂಚಿಕೊಳ್ಳಬೇಕು. ಬಾರ್ಸಿಲೋನಾ ಸ್ವಾಯತ್ತ ವಿಶ್ವವಿದ್ಯಾಲಯದ ಐಸಿಟಿಎ ಕಟ್ಟಡದಲ್ಲಿ ಕೆಳಗಿನ ಕೋಣೆಗಳ ಬೆಚ್ಚನೆ ಗಾಳಿ ಮೇಲಿನ ಗಿಡಗಳಿಗೆ ಹೋಗುತ್ತದೆ, ಸೂರಿನ ಮಳೆನೀರೂ ಅವಕ್ಕೇ. ಮಾಂಟ್ರಿಯಲ್‌ನ ಲೂಫಾ ಫಾರ್ಮ್ಸ್ 2011ರಿಂದ ತಾರಸಿಗಳಲ್ಲಿ ತರಕಾರಿ ಬೆಳೆದು ಮಾರುತ್ತಿದೆ. ಹಿಮ ಬೀಳುವ ಊರಲ್ಲಿ ಕಟ್ಟಡದ ಬಿಸಿಯೇ ಲಾಭ.

ನಮ್ಮದು ಉಲ್ಟಾ. ಏಪ್ರಿಲ್‌ನಲ್ಲಿ ಮೈಸೂರು ಸೀಮೆಯ ಬಿಸಿಲು 35 ಡಿಗ್ರಿ ಮುಟ್ಟುತ್ತೆ. ಮುಚ್ಚಿದ ಗಾಜಿನೊಳಗೆ ಇನ್ನೂ ಏರಿ ಸೊಪ್ಪು ಬಾಡುತ್ತೆ. ಇಲ್ಲಿ ಬೇಕಿರೋದು ನೆತ್ತಿಯಲ್ಲಿ ಬಿಸಿಗಾಳಿ ಹೋಗುವ ಕಿಂಡಿ, ಸುತ್ತ ಕೀಟ ತಡೆಯುವ ಬಲೆ, ಮೇಲೆ ನೆರಳು ಪರದೆ. ಬಲೆಯ ಕಣ್ಣು ಸಣ್ಣದಾದಷ್ಟೂ ಗಾಳಿ ಕಮ್ಮಿ, ಹಾಗಾಗಿ ತೆರೆದ ಭಾಗ ದೊಡ್ಡದಿರಬೇಕು.

ನಿಜವಾದ ತಕರಾರು ಭಾರದ್ದು. ಜನ ಓಡಾಡುವ ತಾರಸಿಗೆ ಭಾರತೀಯ ಮಾನಕ ಐಎಸ್ 875ರ ಪ್ರಕಾರ ಲೆಕ್ಕ ಹಿಡಿಯುವ ಹೊರೆ ಚದರ ಮೀಟರಿಗೆ ಸುಮಾರು 150 ಕೆಜಿ. ಒಂದಡಿ ಆಳದ ಒದ್ದೆ ಮಣ್ಣು ತೂಗೋದು ಸುಮಾರು 500 ಕೆಜಿ! ಅದಕ್ಕೇ ತೆಂಗಿನ ನಾರಿನ ಪುಡಿ, ಇಲ್ಲವೇ ಮಣ್ಣಿಲ್ಲದೆ ಪೈಪಿನಲ್ಲಿ ಬೆಳೆಯುವ ಪದ್ಧತಿ. ನೀರಿನ ಟ್ಯಾಂಕು ಕಂಬಗಳ ನೇರಕ್ಕಿರಲಿ. ಮುಂಗಾರು ಮೊದಲಿನ ಬಿರುಗಾಳಿಗೆ ಹಗುರ ಚೌಕಟ್ಟು ಹಾರಿಹೋಗಬಹುದು, ಅದನ್ನು ಕಂಬದ ಸರಳಿಗೇ ಬಿಗಿಯಬೇಕು. ಬೆಂಗಳೂರಲ್ಲಿ ನಾನಿದ್ದ ಬಾಡಿಗೆ ಮನೆಯ ಮಾಲೀಕರು ತಾರಸಿ ಕೊರೆದು ಶೆಡ್ ನಿಲ್ಲಿಸಿದ್ರು. ಮೊದಲ ಮಳೆಗೇ ನಮ್ಮ ಅಡುಗೆಮನೆ ಸೋರಿತು.

ನೀರಿನ ಚಿಂತೆ ಕಮ್ಮಿ. ವರ್ಷಕ್ಕೆ 750 ಮಿಲಿಮೀಟರ್ ಮಳೆ ಅಂದುಕೊಂಡರೂ 100 ಚದರ ಮೀಟರ್ ಸೂರಿನ ಮೇಲೆ 75,000 ಲೀಟರ್ ಬೀಳುತ್ತೆ.

ಇದು ಗದ್ದೆಗೆ ಬದಲಿ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಸಾಲಿಗ್ರಾಮದ ಭತ್ತ ತಾರಸಿಯಲ್ಲಿ ಬೆಳೆಯಲ್ಲ. ಬೇಗ ಬಾಡುವ ಸೊಪ್ಪು ಬೆಳೆಯುತ್ತೆ. ಸರ್ಕಾರ ಇದಕ್ಕೆ ದುಡ್ಡು ಹಾಕೋದಾದರೆ ಅಪಾರ್ಟ್‌ಮೆಂಟುಗಳ ಲೆಟ್ಯೂಸ್‌ಗಲ್ಲ, ಹೊಸದಾಗಿ ಕಟ್ಟುವ ವಿದ್ಯಾರ್ಥಿನಿಲಯಗಳ ನಕ್ಷೆಗೆ ಹಾಕಲಿ. ಅಲ್ಲಿ ಅಡುಗೆಮನೆ ಕೆಳಗೇ ಇರುತ್ತೆ, ಸೊಪ್ಪಿಗೆ ಸಾಗಣೆ ಖರ್ಚಿಲ್ಲ.

ಚಿಕ್ಕಪ್ಪನ ಮನೆಗೆ ಇನ್ನೂ ಮೋಲ್ಡ್ ಹಾಕಿಲ್ಲ. ‘ಕಂಬದ ಸರಳು ಮೇಲಕ್ಕೆ ಬಿಟ್ಟಿರಿ, ಹೊರೆಯ ಲೆಕ್ಕ ಇಂಜಿನಿಯರ್ ಹತ್ರ ಮತ್ತೆ ಹಾಕಿಸಿ’ ಅಂದೆ. ಮೇಸ್ತ್ರಿ ತಲೆ ಕೆರೆದುಕೊಂಡ್ರು: ‘ಪ್ಲಾನಲ್ಲಿ ಇಲ್ವಲ್ಲಾ ಸಾರ್.’